ಡಲ್ಲಾಸ್‌ಗೆ ಬರುವ ಬದಿಯಡ್ಕದವರಿಗೆ: ಮೊದಲು ಒಂದು ಪಾತ್ರೆ ರಾಜ್ಮಾ ಬೇಯಿಸಲು ಕಲಿಯಿರಿ

ಕಾಸರಗೋಡಿನ ಬದಿಯಡ್ಕದಿಂದ ಆಗಸ್ಟ್‌ನಲ್ಲಿ ಅಮೆರಿಕದ ಡಲ್ಲಾಸ್‌ಗೆ ಓದಲು ಬರುತ್ತೇನೆ, ಮಾಂಸ ತಿನ್ನುವುದಿಲ್ಲ, ಅಡುಗೆ ಅಂದರೆ ಚಹಾ ಮಾಡುವುದು ಮಾತ್ರ ಗೊತ್ತು, ಅಲ್ಲಿ ಬದುಕು ಹೇಗೆ ಅಂತ ಕೇಳಿದ್ದೀರಿ. ವೀಸಾ, ಬ್ಯಾಂಕು, ಬಾಡಿಗೆ ಬಗ್ಗೆ ಹೇಳುವವರು ತುಂಬಾ ಜನ ಸಿಗುತ್ತಾರೆ. ನಾನು ನಿಮ್ಮ ಪಕ್ಕದ ಪೆರ್ಲದವ, ಇಲ್ಲಿ ಮನೆ ಮಾಡಿ ಸುಮಾರು ವರ್ಷವಾಯಿತು. ನಾನು ಹೊಟ್ಟೆಯಿಂದಲೇ ಶುರು ಮಾಡುತ್ತೇನೆ. ಹೊಸಬರ ಧೈರ್ಯ ಕುಸಿಯುವುದು ರಾತ್ರಿ ಒಂಬತ್ತಕ್ಕೆ ಲೈಬ್ರರಿಯಿಂದ ಬಂದು ಖಾಲಿ ಫ್ರಿಜ್ ತೆರೆದಾಗ.

ದಿನಾ ಊರಿನ ಊಟವನ್ನೇ ಮಾಡಲು ಹೋಗಬೇಡಿ. ತೆಂಗಿನಕಾಯಿ ತುರಿದು, ಅರೆದು, ಕೊದಿಲು, ಅಂದರೆ ನಮ್ಮ ಸಾಂಬಾರು, ಮಾಡಿ ಕೂರುವಷ್ಟು ಹೊತ್ತು ಸೆಮಿಸ್ಟರ್ ನಡುವೆ ಸಿಗುವುದಿಲ್ಲ. ಹಾಗಂತ ಬ್ರೆಡ್ಡು ಜಾಮ್‌ನಲ್ಲಿ ಎಷ್ಟು ದಿನ ಕಳೆಯುವುದು, ಅಲ್ವಾ? ಇಲ್ಲಿ ಅಗ್ಗಕ್ಕೆ ಸಿಗುವುದು ಒಣ ಕಾಳು. ರಾಜ್ಮಾ, ಪಿಂಟೋ, ಕಪ್ಪು ಬೀನ್ಸ್, ಯಾವ ಅಂಗಡಿಗೆ ಹೋದರೂ ಇದೆ. ಭಾನುವಾರ ಒಂದು ದೊಡ್ಡ ಪಾತ್ರೆ ಬೇಯಿಸಿಟ್ಟರೆ ಬುಧವಾರದವರೆಗೆ ಯೋಚನೆ ಇಲ್ಲ, ಉಳಿದದ್ದು ಫ್ರೀಜರಿಗೆ.

ರುಚಿಯ ಗುಟ್ಟು ಚಿಪೋಟ್ಲೆ. ಹಣ್ಣಾಗಿ ಕೆಂಪಾದ ಹಾಲಪೀನ್ಯೊ ಮೆಣಸನ್ನು ಹೊಗೆಯಲ್ಲಿ ಒಣಗಿಸಿದ್ದು ಅದು, ಮೆಕ್ಸಿಕೋದವರ ಉಪಾಯ. ಚಿಕ್ಕ ಡಬ್ಬಿಯಲ್ಲಿ ಅಡೋಬೊ ಅನ್ನುವ ಟೊಮೆಟೊ, ವಿನೆಗರ್ ಸಾಸಿನಲ್ಲಿ ಮುಳುಗಿಸಿ ಮಾರುತ್ತಾರೆ. ಮುಚ್ಚಳ ಎತ್ತಿದರೆ ಸುಕ್ಕು ಸುಕ್ಕಾದ ಕಂದು ಮೆಣಸುಗಳು, ಕೆಲವದರಲ್ಲಿ ತೊಟ್ಟು ಇನ್ನೂ ಇರುತ್ತದೆ. ವಾಸನೆ ಥೇಟ್ ನಮ್ಮ ಕಟ್ಟಿಗೆ ಒಲೆಯ ಮೇಲಿನ ಅಟ್ಟದ್ದು. ಖಾರ ಜೋರಿದೆ ಮಾರಾಯ್ರೆ, ಮೊದಲ ಸಲ ಎರಡೇ ಹಾಕಿ, ಹೆಚ್ಚಿದ ಕೈಯಲ್ಲಿ ಕಣ್ಣು ಮುಟ್ಟಬೇಡಿ. ಖಾರ ಬೇಡ, ಹೊಗೆ ಮಾತ್ರ ಸಾಕು ಅನ್ನುವವರಿಗೆ ಸ್ಪೇನಿನ ಸ್ಮೋಕ್ಡ್ ಪಪ್ರಿಕಾ, ಅಂದರೆ ಹೊಗೆಯಲ್ಲಿ ಒಣಗಿಸಿದ ಸಪ್ಪೆ ಮೆಣಸಿನ ಪುಡಿ ಇದೆ. ಹೊಗೆ ವಾಸನೆಗೆ ಅಂತ ಕೆಂಡದ ಮೇಲೆ ತುಪ್ಪ ಸುರಿದು ಪಾತ್ರೆ ಮುಚ್ಚುವ ವಿದ್ಯೆ ಯೂಟ್ಯೂಬಿನಲ್ಲೇ ಇರಲಿ. ಇಲ್ಲಿನ ಫ್ಲಾಟ್‌ನಲ್ಲಿ ಒಣಮೆಣಸಿನ ಒಗ್ಗರಣೆಗೇ ಸ್ಮೋಕ್ ಅಲಾರಂ ಕಿರುಚುತ್ತದೆ. ಒಲೆಯ ಮೇಲಿನ ಫ್ಯಾನು ಎಷ್ಟೋ ಮನೆಗಳಲ್ಲಿ ಹೊಗೆಯನ್ನು ಹೊರಗೆ ಬಿಡುವುದೇ ಇಲ್ಲ, ಸೋಸಿ ಮತ್ತೆ ನಿಮ್ಮ ಮುಖಕ್ಕೇ ಊದುತ್ತದೆ.

ಈಗ ಮಾಡುವ ಕ್ರಮ. ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ರಾಜ್ಮಾ ರಾತ್ರಿ ನೆನೆಹಾಕಿ, ಬೆಳಿಗ್ಗೆ ಆ ನೀರು ಚೆಲ್ಲಿ, ಹೊಸ ನೀರಲ್ಲಿ ಕುಕ್ಕರಿನಲ್ಲಿ ಬೆರಳಲ್ಲಿ ಒತ್ತಿದರೆ ಮೆತ್ತಗೆ ಹಿಸುಕುವಷ್ಟು ಬೇಯಿಸಿ. ಬೇಯುವ ಮೊದಲೇ ಟೊಮೆಟೊ ಹಾಕಿದರೆ ಹುಳಿಗೆ ಕಾಳು ಮೆತ್ತಗಾಗದೆ ಸತಾಯಿಸುತ್ತದೆ. ಬೇರೆ ದಪ್ಪ ತಳದ ಪಾತ್ರೆಯಲ್ಲಿ ಎಣ್ಣೆ, ಎರಡು ದೊಡ್ಡ ನೀರುಳ್ಳಿ. ಇದಕ್ಕೆ ಅವಸರ ಮಾಡಬೇಡಿ, ಅಂಚು ಕಂದಾಗಿ ಸಿಹಿ ವಾಸನೆ ಬರುವವರೆಗೆ ಬಾಡಿಸಿ. ಆಮೇಲೆ ಬೆಳ್ಳುಳ್ಳಿ, ಎರಡು ಚಮಚ ಜೀರಿಗೆ ಪುಡಿ, ಒಂದು ಚಮಚ ಕೊತ್ತಂಬರಿ ಪುಡಿ, ಸ್ವಲ್ಪ ಓರೆಗಾನೊ, ಹೆಚ್ಚಿದ ಚಿಪೋಟ್ಲೆ, ಆ ಸಾಸು ಒಂದು ಚಮಚ. ಒಂದು ಡಬ್ಬಿ ಟೊಮೆಟೊ ಸುರಿದು ಎಣ್ಣೆ ಬಿಡುವವರೆಗೆ ಕುದಿಸಿ, ಬೆಂದ ಕಾಳನ್ನು ಅದರ ನೀರಿನ ಜೊತೆಗೇ ಹಾಕಿ, ಉಪ್ಪು, ಒಂದು ಚೂರು ಬೆಲ್ಲ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಕೊನೆಗೆ ಒಂದು ಸೌಟು ಕಾಳನ್ನು ಪಾತ್ರೆಯ ಬದಿಗೇ ಒತ್ತಿ ಹಿಸುಕಿದರೆ ಸಾರು ದಪ್ಪವಾಗುತ್ತದೆ. ನಿಂಬೆರಸ ಇಳಿಸಿದ ಮೇಲೆ. ಮರುದಿನ ಇನ್ನೂ ರುಚಿ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ರೂಮಿನಲ್ಲಿ ಯಾರೋ ಬಿಟ್ಟುಹೋದ ಸ್ಲೋ ಕುಕ್ಕರ್, ಅಂದರೆ ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಕರೆಂಟಿನ ಪಾತ್ರೆ ಇರುತ್ತದೆ, ಹಸಿ ರಾಜ್ಮಾವನ್ನು ಸುಮ್ನೆ ಅದಕ್ಕೆ ಹಾಕಿ ಕ್ಲಾಸಿಗೆ ಹೋಗಬೇಡಿ. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಅನ್ನುವ ವಿಷ ಇದೆ, ಜೋರಾಗಿ ಕುದಿದರೆ ಮಾತ್ರ ಹೋಗುತ್ತದೆ. ಅಮೆರಿಕದ ಆಹಾರ, ಔಷಧ ಇಲಾಖೆ ಎಫ್‌ಡಿಎ 30 ನಿಮಿಷ ಕುದಿಸಿ ಅನ್ನುತ್ತದೆ. ಸ್ಲೋ ಕುಕ್ಕರಿನ ಬಿಸಿ ಅಷ್ಟಕ್ಕೆ ಸಾಲದೆ ಹೋಗಬಹುದು, ಕೆಲವೇ ಗಂಟೆಗಳಲ್ಲಿ ವಾಂತಿ ಭೇದಿ ಶುರುವಾಗುತ್ತದೆ. ಡಬ್ಬಿಯ ಬೀನ್ಸ್ ಬೆಂದೇ ಬಂದಿರುತ್ತದೆ, ಅದಕ್ಕೆ ಈ ಭಯ ಇಲ್ಲ.

ಇದನ್ನು ಕಾಲೇಜಿಗೆ ಒಯ್ದು ಚಿಲ್ಲಿ ಅಂತ ಹೇಳಿದರೆ ಟೆಕ್ಸಸ್‌ನವರು ಹುಬ್ಬೇರಿಸುತ್ತಾರೆ. 1977ರಲ್ಲಿ ಚಿಲ್ಲಿಯನ್ನು ರಾಜ್ಯದ ಖಾದ್ಯ ಅಂತ ಘೋಷಿಸಿಕೊಂಡವರು ಇವರು, ಇವರ ಚಿಲ್ಲಿ ಅಂದರೆ ಬರೀ ಮಾಂಸ, ಮೆಣಸು ಹಾಕಿ ಬೇಯಿಸಿದ್ದು. ಕಾಳು ಹಾಕಿದರೆ ಅದು ಚಿಲ್ಲಿಯೇ ಅಲ್ಲ ಅನ್ನುವ ಹಟದವರು ಈಗಲೂ ಇದ್ದಾರೆ. ಜಗಳ ಬೇಡ, ಬೀನ್ಸ್ ಅನ್ನಿ, ತಿನ್ನುತ್ತಾರೆ. ಮಾತಿಗೆ ಜನ ಸಿಗುವುದೂ ಹೀಗೇ.

ಜೊತೆಗೆ ಅನ್ನವೇ ಬೇಕು ನಮಗೆ. ಕಾಸರಗೋಡಿನವರಿಗೆ ಇಲ್ಲೊಂದು ಲಾಭ ಇದೆ, ಮಲಯಾಳಿ ಅಂಗಡಿಗೆ ಹೋಗಿ ಮಟ್ಟ ಅರಿ ಕೇಳಿದರೆ ಕೆಂಪು ಕುಚ್ಚಲಕ್ಕಿ ಸಿಗುತ್ತದೆ, ತೆಂಗಿನೆಣ್ಣೆಯೂ. ಆದ್ದರಿಂದ ಸೂಟ್‌ಕೇಸಿನಲ್ಲಿ ಅಕ್ಕಿ ತುಂಬಬೇಡಿ. ಹಸಿ ಕರಿಬೇವು ಬೇಡವೇ ಬೇಡ, ವಿಮಾನ ನಿಲ್ದಾಣದಲ್ಲಿ ಕಿತ್ತುಕೊಳ್ಳುತ್ತಾರೆ, ತಿನ್ನುವ ಸಾಮಾನು ಏನಿದ್ದರೂ ಅಲ್ಲಿನ ಕಸ್ಟಮ್ಸ್‌ನವರಿಗೆ ಮೊದಲೇ ಹೇಳಿಬಿಡಿ. ಮಿಕ್ಸಿ ಊರಲ್ಲೇ ಇರಲಿ, ಇಲ್ಲಿ ಕರೆಂಟು 120 ವೋಲ್ಟ್. ಐದು ಲೀಟರ್ ಕುಕ್ಕರ್ ಒಂದು ತನ್ನಿ, ಅದರ ಗ್ಯಾಸ್ಕೆಟ್ ಎರಡು ಜಾಸ್ತಿ ಇರಲಿ.