ಉತ್ತರ: ಫೇಶಿಯಲ್ ಕಾಲಿಕ್ಯುಲಸ್ ಅಡಿಯಲ್ಲಿರೋದು 6, 7 ಅಲ್ಲ

ತಮ್ಮಾ, ಮಿದುಳುಕಾಂಡದ ನಡುಭಾಗ ಪಾನ್ಸ್ ಬಗ್ಗೆ ನೀನು ಇಲ್ಲಿ ಹಾಕಿದ ಚಾರ್ಟ್ ಅಚ್ಚುಕಟ್ಟಾಗಿದೆ. ಆದರೆ ಅದರ ಹಿಂಬದಿಯ ಫೇಶಿಯಲ್ ಕಾಲಿಕ್ಯುಲಸ್ ಉಬ್ಬಿನ ಅಡಿಗೆ '7ನೇ ನ್ಯೂಕ್ಲಿಯಸ್' (ಮುಖದ ನರದ ಜೀವಕೋಶಗಳ ಗುಂಪು) ಅಂತ ಬರೆದಿದ್ದೀಯಲ್ಲ, ಅದನ್ನ ಇವತ್ತೇ ಅಳಿಸು. ಕೆಳಗೆ ಆಗಲೇ ಮೂರು ಜನ 'ಸೇವ್ ಮಾಡ್ಕೊಂಡೆ' ಅಂದಿದ್ದಾರೆ. ಅಲ್ಲಿರೋದು ಅಬ್ಡ್ಯೂಸೆನ್ಸ್ ನ್ಯೂಕ್ಲಿಯಸ್, ಅಂದರೆ ಕಣ್ಣನ್ನ ಹೊರಗೆ ಹೊರಳಿಸೋ 6ನೇ ನರದ್ದು. 7ರ ನಾರುಗಳು ಅದನ್ನ ಸುತ್ತಿ ಹೋಗುತ್ತವೆ ಅನ್ನೋದಕ್ಕಷ್ಟೇ ಆ ಹೆಸರು.

ನನ್ನ ವೈವಾದಲ್ಲಿ ನಾನೂ ನಿನ್ನ ಹಾಗೇ 7 ಅಂತಲೇ ಹೇಳಿದ್ದೆ. ಎಕ್ಸ್‌ಟರ್ನಲ್ ಎಕ್ಸಾಮಿನರ್ ಮೇಡಂ, 'ಸರಿ, ಇಲ್ಲಿ ಪೆಟ್ಟು ಬಿದ್ದರೆ ಕಣ್ಣಿಗೇನಾಗುತ್ತೆ?' ಅಂದರು. 'ಕಣ್ಣಿಗೇನೂ ಆಗಲ್ಲ ಮೇಡಂ' ಅಂದೆ. ಅವರು ಮಾಡೆಲ್ಲನ್ನ ನನ್ನ ಕಡೆ ತಿರುಗಿಸಿಟ್ಟು ಸುಮ್ಮನೆ ಕೂತರು. ಆ ಮೌನ ಇನ್ನೂ ಮರೆತಿಲ್ಲ.

ಆಮೇಲೆ ನನಗೆ ಅರ್ಥವಾಗಿದ್ದು ಚಪಾತಿ ಕಣಕದಿಂದ. ಪಾನ್ಸ್ ಅಂತ ಒಂದು ದಪ್ಪ ಉಂಡೆ ಮಾಡು. ಮೇಲ್ಮುಖವೇ ನಾಲ್ಕನೇ ವೆಂಟ್ರಿಕಲ್ (ಮಿದುಳಿನೊಳಗಿನ ದ್ರವ ತುಂಬಿದ ಕುಳಿ) ತಳ. ನಡುಗೆರೆಯ ಪಕ್ಕದಲ್ಲೇ, ಮೇಲ್ಮೈಗೆ ಹತ್ತಿರ, ಒಂದು ಹುಣಸೆ ಬೀಜ ಹುಗಿ: ಅದು 6. ಇನ್ನೊಂದನ್ನ ಆಳದಲ್ಲಿ, ಸ್ವಲ್ಪ ಹೊರಗೆ ಹುಗಿ: ಅದು 7ರ ಮೋಟಾರ್ ನ್ಯೂಕ್ಲಿಯಸ್. ಆಳದ ಬೀಜದಿಂದ ಉಲನ್ ದಾರ ಹೊರಡಲಿ. ಮೇಲಕ್ಕೆ, ಒಳಕ್ಕೆ ಬಂದು, 6ರ ಒಳಮಗ್ಗುಲಲ್ಲಿ ಹತ್ತಿ, ಅದರ ಬೆನ್ನ ಮೇಲೆ ಹೊರಳಿ, ಮತ್ತೆ ಮುಂದಕ್ಕೆ, ಹೊರಕ್ಕೆ ಇಳಿದು ಪಾನ್ಸ್–ಮೆಡುಲ್ಲಾ ಸಂಧಿಯ ಪಕ್ಕದಲ್ಲಿ ಹೊರಬೀಳಲಿ. ಮೇಲೆ ತೆಳ್ಳಗೆ ಹಿಟ್ಟು ಮುಚ್ಚಿ ಬೆರಳಾಡಿಸು. ಸಿಗೋ ಉಬ್ಬೇ ಕಾಲಿಕ್ಯುಲಸ್. ಹಿಟ್ಟಿಗೆ ಉಪ್ಪು ಜಾಸ್ತಿ ಹಾಕು, ಇಲ್ಲದಿದ್ದರೆ ಮಾರನೇ ದಿನಕ್ಕೆ ಹುಳಿ ವಾಸನೆ. ದಾರ ಎಳೆದು ಕಟ್ಟಬೇಡ, ಬೀಜ ಜರುಗುತ್ತೆ. ಇನ್ನೊಂದು, ಈ ಕುಣಿಕೆ ಪೂರ್ತಿಯಾಗಿ, ತೆಳುವಾಗಿ ಕತ್ತರಿಸಿದ ಒಂದೇ ಸೆಕ್ಷನ್‌ನಲ್ಲಿ ಸಿಗಲ್ಲ. ಪುಸ್ತಕದ ಚಿತ್ರ ನಾಲ್ಕಾರು ಸೆಕ್ಷನ್ ಸೇರಿಸಿ ಬಿಡಿಸಿದ್ದು. ಸ್ಲೈಡ್‌ನಲ್ಲಿ ಹುಡುಕಿ ಸುಸ್ತಾಗಬೇಡ.

ಈಗ ಮೇಡಂ ಪ್ರಶ್ನೆ. 6ರ ನರಕ್ಕೆ ಪೆಟ್ಟಾದರೆ ಆ ಒಂದು ಕಣ್ಣು ಮಾತ್ರ ಹೊರಗೆ ಹೊರಳಲ್ಲ. ನ್ಯೂಕ್ಲಿಯಸ್ಸಿಗೇ ಆದರೆ ಎರಡೂ ಕಣ್ಣು ಆ ಕಡೆ ಹೊರಳಲ್ಲ, ಯಾಕಂದರೆ ಎದುರು ಕಣ್ಣನ್ನ ಒಳಗೆ ಎಳೆಯೋ ಸ್ನಾಯು ಮೀಡಿಯಲ್ ರೆಕ್ಟಸ್‌ಗೆ ಎಂಎಲ್‌ಎಫ್ ಅನ್ನೋ ನಾರಿನ ಕಟ್ಟಿನ ಮೂಲಕ ಸಂದೇಶ ಒಯ್ಯೋ ಇಂಟರ್‌ನ್ಯೂರಾನ್‌ಗಳೂ ಅದರೊಳಗೇ ಇವೆ. ಜೊತೆಗೆ ಮೇಲೆ ಹಾದ 7ರ ನಾರೂ ಕೆಟ್ಟು ಅದೇ ಕಡೆಯ ಮುಖ, ಹಣೆ ಸಮೇತ, ಬಿದ್ದಿರುತ್ತೆ. ಹಣೆಯಲ್ಲಿ ನೆರಿಗೆ ಬರಲ್ಲ ಅಂತ ಕಣ್ಣು ಹೊರಳಿಸಿ ನೋಡದೆ 'ಬೆಲ್ಸ್ ಪಾಲ್ಸಿ' (ಮುಖದ ನರವಷ್ಟೇ ಸೋತಿದ್ದು) ಅಂತ ಬರೆದು ಕಳಿಸೋರಿದ್ದಾರೆ, ನನಗೆ ಸಿಟ್ಟು ಬರೋದು ಅಲ್ಲೇ. ಪಾನ್ಸ್‌ನ ಸ್ಟ್ರೋಕ್ ಆದ ರೋಗಿ ಹಾಗೇ ಮನೆಗೆ ಹೋಗಿಬಿಡ್ತಾರೆ.

ಚಾರ್ಟ್‌ಗೆ ಜೆಲ್ ಪೆನ್ ಬೇಡ, ತಿದ್ದೋಕಾಗಲ್ಲ. ಅಪ್ಸರಾ ಪೆನ್ಸಿಲ್, ಕ್ಯಾಮ್ಲಿನ್ ಬಣ್ಣ ಸಾಕು. ಮೋಟಾರ್ ಕೆಂಪು, ಸೆನ್ಸರಿ ನೀಲಿ, ವರ್ಷಪೂರ್ತಿ ಬದಲಿಸಬೇಡ. ಮುಂದಿನ ಚಾರ್ಟ್ ಮಿಡ್‌ಬ್ರೈನ್ ಅಂದಿದ್ದೀಯ, 4ನೇ ನರ ಹಿಂಬದಿಯಿಂದ ಹೊರಡೋದು, ಅದೊಂದೇ. ಮುಂಬದಿಯಲ್ಲಿ ಬರೆದುಬಿಡ್ತೀರ ಎಲ್ಲರೂ. ಬೆಂಗಳೂರಲ್ಲಿದ್ದರೆ ನಿಮ್ಹಾನ್ಸ್‌ನ ಮಿದುಳು ಮ್ಯೂಸಿಯಂಗೆ ಹೋಗು, ದಿನ-ಸಮಯ ಫೋನ್ ಮಾಡಿ ಕೇಳ್ಕೊಂಡು. ಮಿದುಳುಕಾಂಡ ಎಷ್ಟು ಚಿಕ್ಕದು ಅಂತ ಕಣ್ಣಾರೆ ನೋಡು: ಪಾನ್ಸ್ ಉದ್ದ ಸುಮಾರು 2.5 ಸೆಂ.ಮೀ. ತಿದ್ದಿದ ಚಾರ್ಟ್ ಇದೇ ಥ್ರೆಡ್‌ನಲ್ಲಿ ಹಾಕು, ಹಳೇದನ್ನ ಡಿಲೀಟ್ ಮಾಡು.