ನೋಟ್‌ಬುಕ್ಕಿನಲ್ಲಿ ಮೂರು ಕೈಬರಹ

(ಹೆಸರು, ಊರು, ಕೆಲಸ, ಗುರುತು ಸಿಗಬಹುದಾದ ವಿವರ ಎಲ್ಲವನ್ನೂ ಬದಲಿಸಿದ್ದೇನೆ.)

"ಮೇಡಂ, ನನ್ನ ಲೆಕ್ಕ ತಾಳೆ ಆಗ್ತಿಲ್ಲ."

ಸುಮಾ ಹೇಳಿದ ಮೊದಲ ಮಾತು ಇದು. 31 ವರ್ಷ. ಸಹಕಾರ ಸಂಘವೊಂದರಲ್ಲಿ ಕ್ಯಾಷಿಯರ್. ಸಂಘದ ಲೆಕ್ಕ ಪೈಸೆಗೆ ಪೈಸೆ ಸರಿ ಇರುತ್ತಿತ್ತು. ತಾಳೆಯಾಗದೆ ಇದ್ದದ್ದು ದಿನದ ಲೆಕ್ಕ. ಮಧ್ಯಾಹ್ನ ಎರಡಕ್ಕೆ ಊಟದ ಡಬ್ಬಿ ತೊಳೆದದ್ದು ನೆನಪಿದೆ. ಆಮೇಲೆ ನೋಡಿದರೆ ಸಂಜೆ ಐದೂವರೆ, ಕಡೂರು ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತಿದ್ದಾಳೆ, ಕೈತುಂಬ ಹಸಿರು ಬಳೆ. ಫೋನಿನಿಂದ ಬಳೆ ಅಂಗಡಿಗೆ 120 ರೂಪಾಯಿ ಹೋಗಿದೆ. ಕಳಿಸಿದ್ದು ಯಾರು ಅಂತ ಅವಳಿಗೆ ಗೊತ್ತಿಲ್ಲ.

ಗಂಡ ಇನ್ನಷ್ಟು ಹೇಳಿದರು. ಕೆಲವು ರಾತ್ರಿ ಅವಳು ಮೂಲೆಯಲ್ಲಿ ಮುದುರಿ ಕೂತು, ಚಿಕ್ಕ ಮಗುವಿನ ದನಿಯಲ್ಲಿ "ಲೈಟ್ ಆರಿಸ್ಬೇಡಿ" ಅನ್ನುತ್ತಾಳೆ. ಜಗಳ ಜೋರಾದರೆ ಮಾತಿನ ವರಸೆಯೇ ಬೇರೆ. "ಯಾವಾಗ್ಲೂ 'ರೀ' ಅನ್ನೋಳು, ಅವತ್ತು 'ಏನೋ, ಮುಟ್ಟಿದ್ರೆ ಕೈ ಮುರೀತೀನಿ' ಅಂದ್ಲು ಮೇಡಂ." ಬೆಳಗ್ಗೆ ಎದ್ದರೆ ಅದರ ನೆನಪೇ ಇಲ್ಲ.

ಅತ್ತೆ ಇದನ್ನು ಗಾಳಿ ಅಂದುಕೊಂಡರು. ಬೇವಿನ ಸೊಪ್ಪಿನ ಏಟೂ ಬಿತ್ತು. ಮುಂಚೆ ತೋರಿಸಿದ್ದ ಒಬ್ಬ ವೈದ್ಯರು, ತಲೆಯೊಳಗೆ ದನಿ ಕೇಳುತ್ತದೆ ಅಂದಿದ್ದಕ್ಕೆ, ಸ್ಕಿಜೋಫ್ರೇನಿಯಾ ಇರಬಹುದೆಂದು ಮಾತ್ರೆ ಕೊಟ್ಟಿದ್ದರು. ನಿದ್ದೆ ಜಾಸ್ತಿ ಆಯಿತು, ಕಾಲ ಕಳೆದುಹೋಗುವುದು ನಿಲ್ಲಲಿಲ್ಲ. ಆ ವೈದ್ಯರನ್ನು ದೂರಲಾರೆ. ದನಿ ಸ್ಕಿಜೋಫ್ರೇನಿಯಾದಲ್ಲೂ ಕೇಳುತ್ತದೆ, ಸುಮಾಳಿಗಿದ್ದ ತೊಂದರೆಯಲ್ಲೂ ಕೇಳುತ್ತದೆ. ಹತ್ತು ನಿಮಿಷದ ಭೇಟಿಯಲ್ಲಿ ಇದು ಸಿಕ್ಕಿಬೀಳುವ ತೊಂದರೆಯಲ್ಲ.

ನಾನು ವೈದ್ಯೆಯಲ್ಲ, ಆಪ್ತಸಲಹೆಗಾರ್ತಿ. ಹಾಗಾಗಿ ಮೊದಲು ಮನೋವೈದ್ಯರ ಹತ್ತಿರ ಕಳಿಸಿದೆ. ಫಿಟ್ಸ್‌ನಲ್ಲೂ ಹೀಗೆ ನೆನಪು ತಪ್ಪಬಹುದು, ಅದಕ್ಕೇ ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆಗಳ ಪರೀಕ್ಷೆ, ಮಾಡಿಸಿದರು. ಹಲವು ಭೇಟಿಗಳಾದ ಮೇಲೆ ಅವರು ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್ ಅಂದರು, ಅಂದರೆ ನೆನಪು, ಗುರುತು ಒಂದಾಗದೆ ಬೇರೆಬೇರೆಯಾಗಿ ಉಳಿಯುವ ತೊಂದರೆ. 1994ರವರೆಗೆ ಅಮೆರಿಕದ ಮನೋವೈದ್ಯರು ಕಾಯಿಲೆ ಗುರುತಿಸಲು ಬಳಸುವ ಕೈಪಿಡಿಯಲ್ಲಿ ಇದರ ಹೆಸರು ಬಹುವ್ಯಕ್ತಿತ್ವ ಅಂತಿತ್ತು. ಹೆಸರು ಬದಲಾದದ್ದು ಒಳ್ಳೆಯದೇ ಆಯಿತು. ಒಂದು ದೇಹದಲ್ಲಿ ಹಲವು ಜನ ಬಾಡಿಗೆಗಿದ್ದಾರೆ ಅನ್ನುವ ಚಿತ್ರ ಸಿನಿಮಾಕ್ಕೆ ಸರಿ. ಸುಮಾಳಿಗಿದ್ದ ಕೊರತೆ ಬೇರೆ, ಒಬ್ಬಳಾಗಿ ಇರಲು ಬೇಕಾದ ನೆನಪಿನ ಜೋಡಣೆಯೇ ಅವಳಲ್ಲಿ ಆಗಿರಲಿಲ್ಲ.

ಅತ್ತೆಯ ಗಾಳಿಯ ಮಾತನ್ನು ನಾನು ನಕ್ಕು ತಳ್ಳಲಿಲ್ಲ. ಅದೇ ಕೈಪಿಡಿಯ 2013ರ ಆವೃತ್ತಿ, ಕೆಲವು ಸಮಾಜಗಳಲ್ಲಿ ಇದು ಮೈಮೇಲೆ ಬಂದಂತೆ ಕಾಣಬಹುದು ಅನ್ನುತ್ತದೆ. ನಮ್ಮ ದೇಶದಲ್ಲಿ ಆ ರೂಪವೇ ಜಾಸ್ತಿ ಕಾಣುವುದು. ಹಾಗಂತ ಜಾತ್ರೆಯಲ್ಲಿ ದೇವರು ಬರುವುದು ಕಾಯಿಲೆಯಲ್ಲ. ಅದಕ್ಕೊಂದು ಹೊತ್ತಿದೆ, ಜಾಗವಿದೆ, ಸುತ್ತ ಊರಿದೆ, ಪೂಜೆ ಮುಗಿದರೆ ಇಳಿಯುತ್ತದೆ. ಸುಮಾಳದ್ದು ಕ್ಯಾಷ್ ಕೌಂಟರಿನಲ್ಲೂ ಬರುತ್ತಿತ್ತು, ಅವಳಿಗೆ ಬೇಡವಾಗಿತ್ತು, ಬದುಕು ಕೆಡಿಸುತ್ತಿತ್ತು. ಅತ್ತೆಗೆ ನಾನು ಹೇಳಿದ್ದು ಇಷ್ಟು: "ದೀಪ ಹಚ್ಚಿ, ಹರಕೆ ಹೊತ್ಕೊಳ್ಳಿ, ಅಮ್ಮಾ. ಏಟು ಮಾತ್ರ ಬೇಡ. ಈ ಹುಡುಗಿಗೆ ಏಟಿನಿಂದ್ಲೇ ಹೀಗಾಗಿದ್ದು."

ಆರನೆಯ ವರ್ಷದಿಂದ ಕೆಲವು ಕಾಲ, ಅವಳನ್ನು ನೋಡಿಕೊಳ್ಳಬೇಕಾದವರೇ ಅವಳಿಗೆ ಕೇಡು ಮಾಡಿದ್ದರು. ಅದಕ್ಕಿಂತ ಹೆಚ್ಚು ಇಲ್ಲಿ ಬರೆಯುವುದಿಲ್ಲ.

ಮೂರನೇ ತಿಂಗಳು ಅವಳು ಕೇಳಿದಳು: "ಹಾಗಾದ್ರೆ ನಿಜವಾದ ನಾನು ಯಾರು ಮೇಡಂ?"

ನಾನು ಹೇಳಿದ್ದನ್ನು ಆದಷ್ಟು ಹಾಗೇ ಬರೆಯುತ್ತೇನೆ. 'ನಾನು' ಅನ್ನುವುದನ್ನು ಯಾವ ಮಗುವೂ ಸಿದ್ಧವಾಗಿ ತರುವುದಿಲ್ಲ. ಹಸಿದ ಮಗು, ನಗುವ ಮಗು, ಬೆಚ್ಚಿಬಿದ್ದ ಮಗು, ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ಇರುತ್ತವೆ. ಎಲ್ಲ ಹೊತ್ತಿನಲ್ಲೂ ಎತ್ತಿಕೊಳ್ಳುವ ಕೈ, ಕರೆಯುವ ಹೆಸರು ಒಂದೇ ಆಗಿದ್ದರೆ, ವರ್ಷಗಟ್ಟಲೆ ಆಗುತ್ತಾ ಆ ಎಳೆಗಳು ಜಡೆಯಾಗುತ್ತವೆ. ಎತ್ತಿಕೊಳ್ಳುವ ಕೈಯೇ ಹೊಡೆಯುವ ಕೈಯೂ ಆದರೆ? ಬೆಳಗ್ಗೆ ಅದೇ ಮನುಷ್ಯನ ಎದುರು ತಿಂಡಿ ತಿನ್ನಬೇಕು. ರಾತ್ರಿಯದ್ದು ಗೊತ್ತಿಲ್ಲದ ಒಬ್ಬಳು ಇದ್ದರೆ ಮಾತ್ರ ಅದು ಸಾಧ್ಯ. ಹೆದರಿಕೆ ಒಂದು ಕಡೆ, ಸಿಟ್ಟು ಒಂದು ಕಡೆ, ಶಾಲೆಗೆ ಹೋಗುವವಳು ಒಂದು ಕಡೆ ಉಳಿದರು. ಜಡೆ ಹೆಣೆದುಕೊಳ್ಳಲೇ ಇಲ್ಲ.

ನಮ್ಮೆಲ್ಲರಿಗೂ ತವರಲ್ಲಿ ಒಂದು ಮುಖ, ಆಫೀಸಲ್ಲಿ ಒಂದು ಮುಖ ಇರುತ್ತದೆ ಅಲ್ವಾ ಅಂತ ಕೇಳುವವರಿದ್ದಾರೆ. ಹೌದು. ಆದರೆ ನಮ್ಮ ಒಂದು ಮುಖ ಮಾಡಿದ್ದು ಇನ್ನೊಂದಕ್ಕೆ ಗೊತ್ತಿರುತ್ತದೆ. ನನಗನ್ನಿಸುವಂತೆ 'ನಾನು' ಅಂದರೆ ಹೆಚ್ಚುಕಡಿಮೆ ಆ ಗೊತ್ತಿರುವಿಕೆಯೇ. ಒಳಗೆ ಎಲ್ಲೋ ಒಬ್ಬ ಯಜಮಾನ ಕೂತಿದ್ದಾನೆ ಅನ್ನುವುದನ್ನು ಈ ಕೆಲಸಕ್ಕೆ ಬಂದ ಮೇಲೆ ನಂಬುವುದು ಕಷ್ಟವಾಗಿದೆ.

ಅವಳು ಸ್ವಲ್ಪ ಹೊತ್ತು ಸುಮ್ನಿದ್ದು, "ಜಡೆ ಹಾಕಿದ್ರೂ ಎಳೆ ಮೂರೇ ಅಲ್ವಾ?" ಅಂದಳು. ಹೌದು ಅಂದೆ.

ಹಾಗಾಗಿ, "ಆ ಜೋರಿನವಳನ್ನು ಓಡಿಸಿಬಿಡಿ ಮೇಡಂ" ಅಂತ ಗಂಡ ಕೇಳಿದಾಗ ಆಗಲ್ಲ ಅಂದೆ. ಆರು ವರ್ಷದ ಮಗುವಿಗೆ ಕಾವಲು ನಿಂತದ್ದು ಅವಳೇ. ಕಾವಲು ಈಗ ಬೇಕಿಲ್ಲ ಅಂತ ಅವಳಿಗಿನ್ನೂ ಯಾರೂ ಹೇಳಿಲ್ಲ.

ಕೊಟ್ಟ ಸಲಹೆ ದೊಡ್ಡದೇನಲ್ಲ. ಅಡುಗೆಮನೆಯಲ್ಲಿ ಒಂದು ನೋಟ್‌ಬುಕ್. ಯಾರಾದರೂ ಬರೆಯಬಹುದು, ಎಲ್ಲರೂ ಓದಬೇಕು. ಯಾರು ಖರ್ಚು ಮಾಡಿದರೂ ಸಾಲ ಒಂದೇ ಮನೆಯದ್ದು, ನೆನಪಿಲ್ಲ ಅಂತ ಜಾರಿಕೊಳ್ಳುವ ಹಾಗಿಲ್ಲ. ಕ್ಯಾಷ್ ಕೆಲಸದಿಂದ ಕೆಲವು ತಿಂಗಳು ಬೇರೆ ಟೇಬಲ್ಲಿಗೆ. ಕಾಲ ಜಾರುತ್ತಿದೆ ಅನ್ನಿಸಿದರೆ ಪಾದ ನೆಲಕ್ಕೆ ಒತ್ತಿ, ಮುಖಕ್ಕೆ ತಣ್ಣೀರು ಹಾಕಿ, ಜೋರಾಗಿ ಹೇಳಿಕೊಳ್ಳುವುದು: ಇವತ್ತು ಬುಧವಾರ, ಇದು ನಮ್ಮ ಮನೆ, ನನಗೆ 31. ಸಾಯಬೇಕು ಅನ್ನಿಸಿದ ರಾತ್ರಿಗಳಿದ್ದವು. ಅದಕ್ಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಅನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆಸಿದೆ. ಈ ತೊಂದರೆಗೆಂದೇ ಮಾತ್ರೆಯಿಲ್ಲ, ಜೊತೆಗಿದ್ದ ಖಿನ್ನತೆಗೆ ವೈದ್ಯರು ಕೊಟ್ಟದ್ದನ್ನು ಬಿಡಬಾರದು ಅಂದೆ.

ಗಂಡನಿಗೆ ಬೇರೆಯಾಗಿ ಹೇಳಿದೆ. ವಿಡಿಯೋ ಮಾಡಬೇಡಿ. "ಈಗ ಯಾರು ಬಂದಿದ್ದು?" ಅಂತ ಕೆಣಕಬೇಡಿ. ಹಾಸಿಗೆಯಲ್ಲಿ ಆ ಮಗುವಿನ ದನಿ ಬಂದರೆ ಆ ಕ್ಷಣವೇ ನಿಲ್ಲಿಸಿ, ಲೈಟ್ ಹಾಕಿ. ಅವರು ತಲೆ ತಗ್ಗಿಸಿ ಹೂಂ ಅಂದರು.

ನಾನೂ ಒಂದು ಕಟ್ಟು ಹಾಕಿಕೊಂಡಿದ್ದೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಇಂಥ ಪ್ರಕರಣಗಳು ಇದ್ದಕ್ಕಿದ್ದಂತೆ ಹೆಚ್ಚಾದವು. ಸಲಹೆಗಾರರೇ ಕೆದಕಿ ಕೆದಕಿ ಹುಟ್ಟಿಸಿದರು ಅನ್ನುವ ವಾದ ಇನ್ನೂ ಇದೆ. ಅದರಲ್ಲಿ ಸ್ವಲ್ಪವಾದರೂ ನಿಜವಿರಬಹುದು ಅಂತ ನನಗನ್ನಿಸುತ್ತದೆ. ಅದಕ್ಕೇ ನಾನು ಯಾರಿಗೂ ಹೆಸರಿಡಲಿಲ್ಲ, ಒಳಗೆ ಇನ್ನೂ ಯಾರಿದ್ದಾರೆ ಅಂತ ಕೇಳಲಿಲ್ಲ, ಹಳೆಯ ನೆನಪಿಗೆ ಅವಸರ ಮಾಡಲಿಲ್ಲ.

ಒಂದೂವರೆ ವರ್ಷ ಆಯಿತು. ಈಗಲೂ ತಿಂಗಳಿಗೊಮ್ಮೆ ಒಂದಷ್ಟು ಹೊತ್ತು ಕಳೆದುಹೋಗುತ್ತದೆ. ಹೋದ ಸಲ ನೋಟ್‌ಬುಕ್ ತಂದಿದ್ದಳು. ದಪ್ಪ ಅಕ್ಷರದಲ್ಲಿ ಯಾರೋ ಬರೆದಿದ್ದರು: "ಗ್ಯಾಸ್ ಬುಕ್ ಮಾಡಿದೀನಿ. ದುಡ್ಡು ಕೊಟ್ಟಿಲ್ಲ. ಅವನಿಗೆ ಹೇಳು."

ಕೆಳಗೆ ಸುಮಾಳ ದುಂಡು ಅಕ್ಷರ: "ಹೇಳಿದೆ. 'ಅವನು' ಅನ್ಬೇಡ, 'ಅವರು' ಅನ್ನು."

ಅದರ ಕೆಳಗೆ ಮತ್ತೆ ದಪ್ಪ ಅಕ್ಷರ: "ನೋಡೋಣ."