ಪ್ಲಸ್ ಟುವಿನಲ್ಲಿ ಶೇ 58: ಸೈಕಾಲಜಿ ಸೀಟು ಸಿಕ್ಕೀತೇ?

ಪ್ರಶ್ನೆ: ಮಗಳು ಪ್ಲಸ್ ಟು ಹ್ಯುಮ್ಯಾನಿಟೀಸ್ ಮುಗಿಸಿದ್ದಾಳೆ. ಅಂಕ ಶೇ 58. ಸೈಕಾಲಜಿಯೇ ಬೇಕೆಂದು ಹಟ. ದೂರಶಿಕ್ಷಣಕ್ಕೆ ಸೇರಿಸಿ ಎನ್ನುತ್ತಾರೆ ಪರಿಚಯದವರು. ಸೇರಿಸಬಹುದೇ?
– ಓರ್ವ ತಾಯಿ, ಪೆರ್ಲ (ಕಾಸರಗೋಡು)

ಉತ್ತರ: ದೂರಶಿಕ್ಷಣವೊಂದು ಬೇಡ. 2025ರ ಜುಲೈ–ಆಗಸ್ಟ್ ಪ್ರವೇಶದಿಂದ ಸೈಕಾಲಜಿಯನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕಲಿಸಕೂಡದೆಂದು ಯುಜಿಸಿ ಹೇಳಿದೆ. ‘ನಮ್ಮಲ್ಲಿ ಈಗಲೂ ಇದೆ’ ಎನ್ನುವ ಏಜೆಂಟರಿಗೆ ಒಂದು ಪೈಸೆಯನ್ನೂ ಕೊಡಬೇಡಿ.

ರೆಗ್ಯುಲರ್ ಕಾಲೇಜಿನ ಸೀಟಿಗಾಗಿ ಮೊದಲು ಅಂಕ ಹೆಚ್ಚಿಸಲು ನೋಡಿ. ಫಲಿತಾಂಶದ ಬೆನ್ನಿಗೇ ಬರುವ ಸೇ/ಇಂಪ್ರೂವ್‌ಮೆಂಟ್ (ಫೇಲಾದವರಿಗೆ ಮರುಪರೀಕ್ಷೆ, ಪಾಸಾದವರಿಗೆ ಅಂಕ ಸುಧಾರಣೆ) ಪರೀಕ್ಷೆಗೆ ಶಾಲೆಯಲ್ಲೇ ಅರ್ಜಿ ಕೊಡಿ. ಪಾಸಾದವರು ಸುಧಾರಿಸಿಕೊಳ್ಳಬಹುದಾದದ್ದು ಒಂದೇ ವಿಷಯ. ಹಾಗಾಗಿ ತೀರಾ ಕಡಿಮೆ ಬಂದದ್ದನ್ನು ಕಣ್ಣು ಮುಚ್ಚಿ ಆರಿಸಬೇಡಿ. ಕಣ್ಣೂರು ವಿ.ವಿ.ಯ ಪ್ರಾಸ್ಪೆಕ್ಟಸ್ ತೆರೆದು, ಇಂಡೆಕ್ಸ್ ಮಾರ್ಕಿಗೆ (ರ‍್ಯಾಂಕ್ ಪಟ್ಟಿಗೆ ಆಧಾರವಾದ ಅಂಕ) ಯಾವ ವಿಷಯಗಳನ್ನು ಲೆಕ್ಕ ಹಿಡಿಯುತ್ತಾರೆಂದು ನೋಡಿ. ಎನ್‌ಎಸ್‌ಎಸ್, ಎನ್‌ಸಿಸಿ ಸರ್ಟಿಫಿಕೇಟಿದ್ದರೆ ಅರ್ಜಿಯಲ್ಲಿ ತುಂಬಲು ಮರೆಯಬಾರದು.

ಕಣ್ಣೂರು ವಿ.ವಿ.ಯ ಏಕಗವಾಕ್ಷಿ ಅರ್ಜಿಯಲ್ಲಿ ಎಡವುವುದು ಆಪ್ಷನ್, ಅಂದರೆ ಬೇಕಾದ ಕಾಲೇಜು–ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ, ತುಂಬುವಲ್ಲಿ. ಕೆಳಗಿನ ಆಪ್ಷನ್ ಸಿಕ್ಕಾಗ ‘ಮೇಲಿನದು ಬಂದೀತು’ ಎಂದು ಫೀಸು ಕಟ್ಟದೆ ಕುಳಿತರೆ ಕೈಯಲ್ಲಿದ್ದದ್ದೂ ಹೋಗುತ್ತದೆ. ಕಟ್ಟಿದ ಮೇಲೆ ಮೇಲಿನದು ಬಂದರೆ ಹಳೆಯ ಸೀಟು ತಾನಾಗಿ ರದ್ದು. ಅಂದರೆ ಓದಲು ಮನಸ್ಸಿಲ್ಲದ ಕೋರ್ಸನ್ನು ಮೇಲೆ ಬರೆಯಲೇಬಾರದು. ಅನುದಾನಿತ ಕಾಲೇಜುಗಳ ಮ್ಯಾನೇಜ್‌ಮೆಂಟ್ ಕೋಟಾಕ್ಕೆ ಕಾಲೇಜಿಗೇ ಹೋಗಿ ಬೇರೆ ಅರ್ಜಿ ಕೊಡಬೇಕು. ಶೇ 58ರವರಿಗೆ ಬಾಗಿಲು ತೆರೆಯುವುದು ಹೆಚ್ಚಾಗಿ ಅಲ್ಲೇ.

ಅದೂ ಆಗದಿದ್ದರೆ? ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಪದವಿ ಬಂದಿದೆ. ಸೈಕಾಲಜಿ ವಿಭಾಗವಿರುವ ಕಾಲೇಜಿನಲ್ಲೇ ಬೇರೆ ಮೇಜರ್ (ಮುಖ್ಯ ವಿಷಯ) ಹಿಡಿದು, ಸೈಕಾಲಜಿಯನ್ನು ಮೈನರ್ (ಉಪವಿಷಯ) ಆಗಿ ಓದಲಿ. ಎರಡನೇ ಸೆಮಿಸ್ಟರ್ ಮುಗಿದಾಗ ಮೇಜರ್ ಬದಲಿಸಲು ಅರ್ಜಿ ಹಾಕಬಹುದು. ಆದರೆ ಸೀಟು ಖಾಲಿಯಿರಬೇಕು, ಆ ಎರಡು ಸೆಮಿಸ್ಟರಿನ ಅಂಕವೂ ಚೆನ್ನಾಗಿರಬೇಕು. ವಿಭಾಗವೇ ಇಲ್ಲದ ಕಾಲೇಜಿಗೆ ಸೇರಿದರೆ ಈ ದಾರಿ ಮುಚ್ಚಿದಂತೆ. ನನ್ನ ಕೇಳಿದರೆ, ಒಂದು ವರ್ಷ ಮನೆಯಲ್ಲಿ ಕೂರುವುದಕ್ಕಿಂತ ಇದು ಲೇಸು.

ಮಂಗಳೂರಿನಲ್ಲಿ ಸೈಕಾಲಜಿ ಇರುವ ಬಿ.ಎ.ಗೂ ವಿಚಾರಿಸಿ. ಕೇರಳ ಬೋರ್ಡಿನಿಂದ ಹೋಗುವವರಿಗೆ ಅರ್ಹತಾ ಪತ್ರ, ಮೈಗ್ರೇಷನ್ ಸರ್ಟಿಫಿಕೇಟ್ ಬೇಕಾಗುತ್ತದೆ. ಟಿಸಿ, ಮೂಲ ಅಂಕಪಟ್ಟಿ ಒಪ್ಪಿಸುವ ಮೊದಲು, ಕಣ್ಣೂರಿನ ಅಲಾಟ್‌ಮೆಂಟ್ ಬಂದರೆ ಅವನ್ನು ಎಷ್ಟು ದಿನದಲ್ಲಿ ಹಿಂದಿರುಗಿಸುತ್ತಾರೆ, ಫೀಸು ಎಷ್ಟು ಮುರಿದುಕೊಳ್ಳುತ್ತಾರೆ ಎಂದು ಕಚೇರಿಯಲ್ಲಿ ಬರೆಸಿಕೊಳ್ಳಿ.